ಪಿಕಪ್ ಮುಂದಿನ ಬ್ರೇಕ್ ಕಾದು ಕೆಂಡ: ಪ್ಯಾಡ್ ಎರಡು ಸಲ ಬದಲಾಯ್ತು, ಬಿಸಿ ಇಳಿದಿಲ್ಲ

ಘಟ್ಟದ ಲೋಡು
ಗಾಡಿ ವಿವರ ಮೊದಲು ಹೇಳಿಬಿಡ್ತೀನಿ. ಒಂದೂಕಾಲು ಟನ್ ಹೊರುವ ಡೀಸೆಲ್ ಪಿಕಪ್, ಎಬಿಎಸ್ ಇಲ್ಲದ ಹಳೇ ಮಾಡೆಲ್. ಮುಂದೆ ಡಿಸ್ಕ್, ಹಿಂದೆ ಡ್ರಮ್. 1.2 ಲಕ್ಷ ಕಿ.ಮೀ. ಓಡಿದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆ ಕಡೆ, ವಾರಕ್ಕೆ ಎರಡು ಸಲ ಪೂರ್ತಿ ಲೋಡ್. ಘಟ್ಟದ ಬುಡ ಮುಟ್ಟುವಷ್ಟರಲ್ಲಿ ಮುಂದಿನ ಎಡಚಕ್ರದಲ್ಲಿ ಸುಟ್ಟ ವಾಸನೆ, ರಿಮ್ ಮುಟ್ಟೋಕಾಗಲ್ಲ. ಬಲಚಕ್ರವೂ ಬಿಸಿ, ಆದರೆ ಅಷ್ಟಿಲ್ಲ. ಒಮ್ಮೊಮ್ಮೆ ಪೆಡಲ್ ಕೆಳಗೆ ಇಳೀತದೆ, ಅರ್ಧ ಗಂಟೆ ನಿಲ್ಲಿಸಿದರೆ ಸರಿಯಾಗ್ತದೆ. ಪ್ಯಾಡ್ ಎರಡು ಸಲ ಬದಲಾಗಿದೆ, ಎಡ ಡಿಸ್ಕ್ ಲೇತ್‌ಗೆ ಹಾಕಿಸಿದ್ದಾಗಿದೆ. ಈಗ ಗ್ಯಾರೇಜಿನವರು ಎರಡೂ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹೊಸದು ಹಾಕಿ ಅಂತಿದ್ದಾರೆ. ಹಾಕಿಸಲೇ?

ಸ್ಪ್ಯಾನರ್ 14
ಸದ್ಯಕ್ಕೆ ಏನೂ ಕೊಳ್ಳಬೇಡಿ. ಬ್ರೇಕ್ ಕಾಯುವುದಕ್ಕೆ ಎರಡೇ ದಾರಿ. ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕನ್ನು ಹಿಡಿದುಕೊಂಡೇ ಇರುವುದು ಒಂದು. ಬ್ರೇಕ್ ಒತ್ತಿದಾಗ ಆ ಚಕ್ರದ ಪಾಲಿಗೆ ಬರಬೇಕಾದ್ದಕ್ಕಿಂತ ಹೆಚ್ಚು ಕೆಲಸ ಬೀಳುವುದು ಇನ್ನೊಂದು. ಎರಡಕ್ಕೂ ರಿಪೇರಿ ಬೇರೆ ಬೇರೆ ಜಾಗದಲ್ಲಿ. ನಿಮ್ಮ ಗಾಡಿಯಲ್ಲಿ ಎರಡೂ ಇರಬಹುದು, ಅದನ್ನು ಮೊದಲು ಬಿಡಿಸಿ ನೋಡಿ.

ಮೊದಲ ಓಟ: ಸಮತಟ್ಟು ರಸ್ತೆಯಲ್ಲಿ 10 ಕಿ.ಮೀ., ಬ್ರೇಕ್ ಪೆಡಲ್ ಆದಷ್ಟೂ ಮುಟ್ಟದೆ. ಗೇರ್ ಇಳಿಸಿಯೇ ವೇಗ ಕಡಿಮೆ ಮಾಡಿ, ಕೊನೆಗೆ ಗಾಡಿ ತಾನೇ ನಿಲ್ಲಲಿ. ಇಳಿದ ತಕ್ಷಣ ನಾಲ್ಕೂ ಚಕ್ರದ ಬಿಸಿ ಅಳೆಯಿರಿ. ಎರಡನೇ ಓಟ: ಒಂದು ಗಂಟೆ ತಣಿಸಿ, ಖಾಲಿ ರಸ್ತೆ ನೋಡಿಕೊಂಡು 50ರಿಂದ ಸೊನ್ನೆಗೆ ಎಂಟು ಸಲ ಸಾಧಾರಣ ಬ್ರೇಕ್, ನಡುವೆ ಅರ್ಧ ಕಿ.ಮೀ. ಬಿಡುವು. ಮತ್ತೆ ನಾಲ್ಕೂ ಅಳೆಯಿರಿ.

ಅಳೆಯಲು ಗನ್ ಥರ್ಮಾಮೀಟರ್ ಸಾಕು. ಆದರೆ ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ. ಡಿಸ್ಕಿನಲ್ಲಿ ಪ್ಯಾಡ್ ತಾಗದ ನಡುಭಾಗಕ್ಕೆ ಸೈಲೆನ್ಸರ್‌ಗೆ ಹೊಡೆಯುವ ಕಪ್ಪು ಬಣ್ಣವನ್ನು ಬೊಟ್ಟಿನಷ್ಟು ಹಚ್ಚಿ, ಎಡಕ್ಕೂ ಬಲಕ್ಕೂ ಅದೇ ಜಾಗ ನೋಡಿ. ಎರಡೂ ಚಕ್ರವನ್ನು ಒಂದೇ ರೀತಿ ಅಳೆಯುವುದು ಮುಖ್ಯ, ನಿಖರ ಡಿಗ್ರಿ ಅಲ್ಲ.

ಘಟ್ಟದ ಲೋಡು
ಅಳೆದೆ. ಹೊರಗಿನ ಬಿಸಿ 30 ಡಿಗ್ರಿ, ಗಾಡಿ ಖಾಲಿ.
ಮೊದಲ ಓಟ: ಮುಂದೆ ಎಡ 96, ಮುಂದೆ ಬಲ 47, ಹಿಂದೆ ಎರಡೂ 36.
ಎರಡನೇ ಓಟ: ಮುಂದೆ ಎಡ 232, ಮುಂದೆ ಬಲ 188, ಹಿಂದಿನ ಡ್ರಮ್‌ಗಳು 46 ಮತ್ತು 44.

ಸ್ಪ್ಯಾನರ್ 14
ನೋಡಿ, ಎರಡೂ ಕಾಯಿಲೆ ಬಂತು. ಬ್ರೇಕ್ ಮುಟ್ಟದೆಯೇ ಎಡಕ್ಕೂ ಬಲಕ್ಕೂ 49 ಡಿಗ್ರಿ ವ್ಯತ್ಯಾಸ ಅಂದರೆ ಎಡಚಕ್ರ ಹಿಡಿದಿದೆ. ಇನ್ನು ಎಂಟು ಸಲ ನಿಲ್ಲಿಸಿದ ಮೇಲೂ ಹಿಂದಿನ ಡ್ರಮ್ ಹೊರಗಿನ ಗಾಳಿಗಿಂತ ಬರೀ 15 ಡಿಗ್ರಿ ಮೇಲೆ. ಡ್ರಮ್ಮಿನ ಹೊರಮೈಗೆ ಬಿಸಿ ಬರುವುದು ತಡ, ಖಾಲಿ ಗಾಡಿಯಲ್ಲಿ ಹಿಂದಕ್ಕೆ ಪಾಲು ಕಡಿಮೆ, ಎಲ್ಲಾ ಒಪ್ಪಿದೆ. ಆದರೂ ಇಷ್ಟು ತಣ್ಣಗಿರುವ ಡ್ರಮ್ ದುಡಿಯುತ್ತಿಲ್ಲ. ಮೊದಲು ಎಡಚಕ್ರ ಮುಗಿಸಿ.

ಹುಬ್ಬಳ್ಳಿ ಜ್ಯಾಕ್
ನನ್ನ ಕೇಳಿದ್ರ ಅದು ಕ್ಯಾಲಿಪರಿಗೆ ಬ್ರೇಕ್ ಎಣ್ಣಿ ಒಯ್ಯೂ ರಬ್ಬರ್ ಹೋಸ್ ಪೈಪ್ ಐತ್ರಿ. ಹೊರಗ ಛಲೋ ಕಾಣ್ತದ, ಒಳಗಿನ ರಬ್ಬರ್ ಪದರ ಎದ್ದು ಬಾಗಿಲ ಆಗಿರ್ತದ. ಕಾಲಿನ ಒತ್ತಡಕ್ಕ ಎಣ್ಣಿ ಒಳಗ ಹೋಗ್ತದ, ಹೊಳ್ಳಿ ಬರೂದಿಲ್ಲ. ಪೈಪ್ ಕ್ಲ್ಯಾಂಪಿನ ಪಟ್ಟಿ ಒಳಗ ತುಕ್ಕು ಕಟ್ಟಿ ಉಬ್ಬಿ ಪೈಪ್ ಹಿಚುಕೂದೂ ಐತಿ. 1.2 ಲಕ್ಷಕ್ಕ ಮೂಲ ಹೋಸ್ ಇದ್ರ ಕಣ್ಣು ಮುಚ್ಚಿ ಬದಲಿ ಮಾಡ್ರಿ.

ಸ್ಪ್ಯಾನರ್ 14
ಹೋಸ್ ಇರಬಹುದು, ಆದರೆ ಕಣ್ಣು ಮುಚ್ಚಿ ಬೇಡ. ಹತ್ತು ನಿಮಿಷದ ಪರೀಕ್ಷೆ ಇದೆ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮುಂದೆ ಜಾಕಿ ಹಾಕಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಎಂಜಿನ್ ಚಾಲೂ ಮಾಡಿ ಪೆಡಲ್ ಐದಾರು ಸಲ ಗಟ್ಟಿಯಾಗಿ ಒತ್ತಿ ಬಿಡಿ. ಎಂಜಿನ್ ಆಫ್ ಮಾಡಿ ಚಕ್ರ ಕೈಯಲ್ಲಿ ತಿರುಗಿಸಿ. ಪ್ಯಾಡ್ ಸ್ವಲ್ಪ ಸವರುವ ಸದ್ದು ಸಹಜ, ಎರಡು ಕೈಯಲ್ಲಿ ಎಳೆಯಬೇಕು ಅಂದರೆ ಹಿಡಿದಿದೆ. ಹಿಡಿದ ಸ್ಥಿತಿಯಲ್ಲೇ ಕ್ಯಾಲಿಪರ್‌ನಿಂದ ಎಣ್ಣೆ ಹೊರಬಿಡುವ ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ತುದಿ ಬಾಟಲಿಯಲ್ಲಿ ಇಟ್ಟು ಕಾಲು ಸುತ್ತು ಸಡಿಲಿಸಿ.

ಎಣ್ಣೆ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ ಅಂತ. ನಿಪ್ಪಲ್ ಮುಚ್ಚಿ, ಮತ್ತೆ ಒತ್ತಿ ಹಿಡಿಸಿ, ಈ ಸಲ ಕಬ್ಬಿಣದ ಪೈಪ್ ಹೋಸ್‌ಗೆ ಸೇರುವ ಕಡೆಯ ನಟ್ ಸಡಿಲಿಸಿ. ಅಲ್ಲಿ ಬಿಟ್ಟರೆ ತೊಂದರೆ ಮೇಲಿದೆ. ಅಲ್ಲಿ ಬಿಡದೆ ನಿಪ್ಪಲ್‌ನಲ್ಲಿ ಮಾತ್ರ ಬಿಟ್ಟರೆ ಹೋಸ್, ಹುಬ್ಬಳ್ಳಿಯವರು ಗೆದ್ದರು. ಆ ನಟ್‌ಗೆ ಫ್ಲೇರ್ ಸ್ಪ್ಯಾನರ್ ಹಾಕಿ, ಸಾದಾ ಸ್ಪ್ಯಾನರ್ ಹಾಕಿದರೆ ಮೂಲೆ ತಿಂದು ಹೋಗುತ್ತದೆ.

ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡದಿದ್ದರೆ ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಪ್ಯಾಡ್ ಒತ್ತುವ ಪಿಸ್ಟನ್, ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್, ಬ್ರ್ಯಾಕೆಟ್‌ನಲ್ಲಿ ಕೂರುವ ಪ್ಯಾಡ್ ಕಿವಿ, ಈ ಮೂರರಲ್ಲೇ ಹುಡುಕಬೇಕು.

ಕರಾವಳಿ ಕ್ಲಚ್ಚು
ಮಾಸ್ಟರ್ ಸಿಲಿಂಡರ್ ಬಗ್ಗೆ ಯಾರೂ ಹೇಳ್ಲಿಲ್ಲ ಅಲ್ವಾ?

ಸ್ಪ್ಯಾನರ್ 14
ಬೇಕಂತಲೇ ಹೇಳಲಿಲ್ಲ. ಪೆಡಲ್ ಒತ್ತಿದಾಗ ಎಣ್ಣೆಗೆ ಒತ್ತಡ ಕೊಡುವ ಈ ಮಾಸ್ಟರ್ ಒಳಗೆ, ಇಂಥ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನ ಎರಡು ಚಕ್ರಕ್ಕೆ ಒಂದು ಕೋಣೆ, ಹಿಂದಿನದ್ದಕ್ಕೆ ಇನ್ನೊಂದು. ಮಾಸ್ಟರ್ ಒತ್ತಡ ಹಿಡಿದಿಟ್ಟುಕೊಂಡರೆ ಎಡ ಬಲ ಎರಡೂ ಹಿಡಿಯಬೇಕು. ಇವರದ್ದು ಒಂದೇ ಪಕ್ಕ.

ಎರಡೂ ಮುಂದಿನ ಚಕ್ರ ಒಂದೇ ಸಮ ಹಿಡಿಯುವವರಿಗೆ ಮಾತ್ರ ಇದು: ಹಿಡಿದ ಸ್ಥಿತಿಯಲ್ಲಿ ಮಾಸ್ಟರನ್ನು ಬೂಸ್ಟರ್‌ಗೆ (ಕಾಲಿನ ಬಲ ಹೆಚ್ಚಿಸುವ ಡಬ್ಬಿ) ಕಟ್ಟಿರುವ ಎರಡು ನಟ್ ಸಡಿಲಿಸಿ 2–3 ಮಿ.ಮೀ. ಮುಂದಕ್ಕೆ ಎಳೆಯಿರಿ. ಚಕ್ರ ಬಿಟ್ಟರೆ ಪುಶ್ ರಾಡ್ ಉದ್ದವಾಗಿದೆ, ಇಲ್ಲವೇ ಪೆಡಲ್ ಪೂರ್ತಿ ಹಿಂದಕ್ಕೆ ಬರುತ್ತಿಲ್ಲ. ಬ್ರೇಕ್ ಲೈಟ್ ಸ್ವಿಚ್ಚನ್ನು ಅತಿಯಾಗಿ ಮುಂದೆ ತಿರುಗಿಸಿ ಪೆಡಲ್ಲನ್ನು ಕೂದಲೆಳೆಯಷ್ಟು ಒತ್ತಿ ಇಟ್ಟಿರುವುದು ತುಂಬಾ ಸಾಮಾನ್ಯ, ನೋಡುವವರು ಕಡಿಮೆ. ಮಾಸ್ಟರ್ ಎಳೆದರೂ ಬಿಡದೆ ಪೈಪ್ ನಟ್ ಸಡಿಲಿಸಿದಾಗ ಬಿಟ್ಟರೆ, ಮಾಸ್ಟರ್ ಒಳಗೆ ಎಣ್ಣೆ ವಾಪಸ್ ಟ್ಯಾಂಕಿಗೆ ಹೋಗುವ ಸಣ್ಣ ರಂಧ್ರ ಮುಚ್ಚಿದೆ.

ಗ್ಯಾರೇಜ್ ಗಣಿತ
ಆ ರಂಧ್ರ ಮುಚ್ಚುವುದಕ್ಕೆ ಒಂದು ಕಾರಣ ಸೇರಿಸುತ್ತೇನೆ: ಬ್ರೇಕ್ ಟ್ಯಾಂಕಿಗೆ ಪವರ್ ಸ್ಟೀರಿಂಗ್ ಆಯಿಲ್ಲೋ ಎಂಜಿನ್ ಆಯಿಲ್ಲೋ ಸುರಿದಿರುವುದು. ಖನಿಜ ತೈಲ ತಾಗಿದರೆ ಬ್ರೇಕಿನ ರಬ್ಬರ್ ಸೀಲುಗಳು ಉಬ್ಬುತ್ತವೆ. ಗುರುತು ಸುಲಭ. ಟ್ಯಾಂಕ್ ಮುಚ್ಚಳದೊಳಗಿನ ರಬ್ಬರ್ ಬಿರಡೆ ಹಿಗ್ಗಿ ಸೊಟ್ಟಗಾಗಿರುತ್ತದೆ. ಖಾತ್ರಿಗೆ ಲೋಟ ನೀರಿಗೆ ನಾಲ್ಕು ಹನಿ ಹಾಕಿ. ಬ್ರೇಕ್ ಎಣ್ಣೆ ನೀರಲ್ಲಿ ಕರಗುತ್ತದೆ, ಬೇರೆ ಆಯಿಲ್ ಮೇಲೆ ತೇಲುತ್ತದೆ. ತೇಲಿದರೆ ಬರೀ ಎಣ್ಣೆ ಬದಲಿಸಿ ಪ್ರಯೋಜನವಿಲ್ಲ. ಮಾಸ್ಟರ್, ಹೋಸ್, ಕ್ಯಾಲಿಪರ್ ಸೀಲ್, ಹಿಂದಿನ ಡ್ರಮ್ಮಿನೊಳಗಿನ ವ್ಹೀಲ್ ಸಿಲಿಂಡರ್, ರಬ್ಬರ್ ಇರುವ ಅಷ್ಟೂ ಹೋಯಿತು ಅಂತಲೇ ಲೆಕ್ಕ.

ಘಟ್ಟದ ಲೋಡು
ನೀರಿನ ಪರೀಕ್ಷೆ ಮಾಡಿದೆ, ಎಣ್ಣೆ ಕರಗಿತು. ಆದರೆ ಬಣ್ಣ ಕಡುಗಂದು. ನಿಪ್ಪಲ್ ಬಿಚ್ಚಿದರೂ ಎಡಚಕ್ರ ಬಿಡಲಿಲ್ಲ, ಅಷ್ಟೇ ಬಿಗಿ. ಕ್ಯಾಲಿಪರ್ ಬಿಚ್ಚಿದಾಗ ಮೇಲಿನ ಪಿನ್ ಕೈಯಲ್ಲೇ ಬಂತು, ಕೆಳಗಿನದ್ದನ್ನು ಸುತ್ತಿಗೆಯಲ್ಲಿ ತಟ್ಟಿ ತಿರುಗಿಸಿ ತೆಗೆಯಬೇಕಾಯ್ತು. ಅದರ ರಬ್ಬರ್ ಬೂಟ್ ಹರಿದಿದೆ, ಪಿನ್ ಮೇಲೆ ತುಕ್ಕಿನ ಗುಳಿ. ಪ್ಯಾಡ್ ಒಂದು ತುದಿಯಲ್ಲಿ 7 ಮಿ.ಮೀ., ಇನ್ನೊಂದು ತುದಿಯಲ್ಲಿ 4.

ಸ್ಪ್ಯಾನರ್ 14
ಅದೇ ಕಳ್ಳ. ಪ್ಯಾಡ್ ಬೆಣೆಯ ಹಾಗೆ ಓರೆಯಾಗಿ ಸವೆದಿದ್ದರೆ ಎರಡರಲ್ಲಿ ಒಂದು ಪಿನ್ ಹಿಡಿದಿದೆ ಅಂತ ಗಾಡಿಯೇ ಬರೆದು ಕೊಟ್ಟ ಹಾಗೆ. ಪ್ಯಾಡ್ ಬದಲಿಸಿದವರು ಎರಡು ಸಲವೂ ಹಳೇ ಪ್ಯಾಡ್ ತಿರುಗಿಸಿ ನೋಡಲೇ ಇಲ್ಲ. ಮೇಲಿನ ಬೋಲ್ಟ್ ಸುತ್ತ ಕ್ಯಾಲಿಪರ್ ಎತ್ತಿ, ಪ್ಯಾಡ್ ತುರುಕಿ, ಮುಚ್ಚಿದ್ದಾರೆ. ಕೆಳಗಿನ ಪಿನ್ ಅಲ್ಲಾಡಿಸಿಯೂ ಇಲ್ಲ.

ತೇಲುವ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಹೊರಗಿನ ಪ್ಯಾಡನ್ನು ಎಳೆದು ತರುವುದು ಪಿನ್ ಮೇಲೆ ಜಾರುವ ಕ್ಯಾಲಿಪರ್ ಮೈ. ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆಳೆಯಲು ಸ್ಪ್ರಿಂಗ್ ಏನೂ ಇಲ್ಲ. ಚೌಕ ಅಂಚಿನ ರಬ್ಬರ್ ಸೀಲ್ ತಿರುಚಿಕೊಂಡಿದ್ದದ್ದು ನೆಟ್ಟಗಾಗುವಾಗ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಎಳೆಯುತ್ತದೆ, ಅಷ್ಟೇ. ಆ ಚೂರು ಎಳೆತಕ್ಕೆ ತುಕ್ಕು ಹಿಡಿದ ಪಿನ್ ಜಾರುವುದುಂಟೇ?

ಈಗ ಮಾಡಬೇಕಾದ್ದು. ಗುಳಿ ಬಿದ್ದ ಪಿನ್ ಉಜ್ಜಿ ಹಾಕಬೇಡಿ, ಪಿನ್-ಬೂಟ್ ಕಿಟ್ ಸಿಗುತ್ತದೆ, ಎರಡೂ ಪಕ್ಕಕ್ಕೆ ತನ್ನಿ. ಪಿನ್ ಕೂರುವ ತೂತನ್ನು ಬ್ರೇಕ್ ಕ್ಲೀನರ್ ಮತ್ತು ದುಂಡು ಬ್ರಷ್‌ನಿಂದ ತೊಳೆಯಿರಿ, ಡ್ರಿಲ್ ಹಾಕಬೇಡಿ. ಗ್ರೀಸ್ ಅಂದರೆ ಬ್ರೇಕಿಗೆಂದೇ ಇರುವ ಸಿಲಿಕಾನ್ ಗ್ರೀಸ್. ಚಾಸಿಸ್ ಗ್ರೀಸ್ ಹಾಕಿದರೆ ಬೂಟ್ ಉಬ್ಬಿ ಪಿನ್ನನ್ನು ಮತ್ತೆ ಹಿಡಿಯುತ್ತದೆ. ಪ್ರಮಾಣ ಒಂದು ಬಟಾಣಿ ಕಾಳಷ್ಟು, ತೆಳ್ಳಗೆ ಸವರಿ. ತೂತಿನ ತುಂಬ ತುರುಕಿದರೆ ಒಳಗಿನ ಗಾಳಿ ಒತ್ತಿ ಪಿನ್ ತಾನೇ ಹೊರಗೆ ತಳ್ಳಿಕೊಳ್ಳುತ್ತದೆ. ಎರಡು ಪಿನ್‌ಗಳಲ್ಲಿ ಒಂದರ ತುದಿಗೆ ರಬ್ಬರ್ ಉಂಗುರ ಇದ್ದರೆ ಅದು ಯಾವ ತೂತಿನದ್ದು ಅಂತ ಗುರುತು ಮಾಡಿಕೊಳ್ಳಿ, ಅದಲು ಬದಲು ಆಗಬಾರದು.

ಹುಬ್ಬಳ್ಳಿ ಜ್ಯಾಕ್
ಸೋತೆ ಬಿಡ್ರಿ. ಆದ್ರ ಅಷ್ಟಕ್ಕ ಮುಚ್ಚಬ್ಯಾಡ್ರಿ. ಬ್ರ್ಯಾಕೆಟ್ ಮ್ಯಾಲೆ ಪ್ಯಾಡ್ ಕಿವಿ ಕೂಡೂ ಜಾಗದಾಗ ಸ್ಟೀಲ್ ಕ್ಲಿಪ್ ಇರ್ತಾವ, ತೆಗೀರಿ. ಕೆಳಗ ತುಕ್ಕು ಬೆಳದು ಕ್ಲಿಪ್ ಮ್ಯಾಲೆತ್ತಿರ್ತದ, ಹೊಸ ಪ್ಯಾಡ್ ಹೊಡದು ಕೂಡಿಸಬೇಕಾಗ್ತದ. ಅರಾ ಹಾಕಿ ಬರೀ ಲೋಹ ಕಾಣೂವರೆಗೂ ತಿಕ್ಕ್ರಿ. ಪ್ಯಾಡ್ ಎರಡು ಬೆರಳಿನಾಗ ಜಾರಬೇಕು. ಪ್ಯಾಡಿನ ಕಿವಿ ಅರಾ ಹಾಕಿ ಸಣ್ಣ ಮಾಡವ್ರು ಅದಾರ, ಅದು ತಪ್ಪು. ಸ್ವಚ್ಛ ಮಾಡಬೇಕಾದ್ದು ಬ್ರ್ಯಾಕೆಟ್.

ಪಿಸ್ಟನ್ ಭೀ ನೋಡ್ರಿ. ನಿಪ್ಪಲ್ ತೆರದು, ಹಳೇ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನ ಒತ್ತ್ರಿ. ಒಂದೇ ಸಮ ಒಳಗ ಹೋಗಬೇಕು. ತಡದು ತಡದು ಹೋದ್ರ ಇಲ್ಲಾ ಧೂಳಿನ ಬೂಟ್ ಹರದಿದ್ರ ಸೀಲ್ ಕಿಟ್ ಹಾಕ್ರಿ. ಕ್ಯಾಲಿಪರ್ ಪೈಪಿಗೆ ಜೋತು ಬಿಡಬ್ಯಾಡ್ರಿ, ತಂತಿಲೆ ಕಟ್ರಿ.

ಗ್ಯಾರೇಜ್ ಗಣಿತ
ಎಡಚಕ್ರದ ಕತೆ ಮುಗಿಯಿತು. ಆದರೆ ಇವರ ನಿಜವಾದ ಅಪಾಯ ಹಿಂದಿನ 46 ಡಿಗ್ರಿಯಲ್ಲಿದೆ. ಲೆಕ್ಕ ನೋಡಿ.

ಲೋಡ್ ಸೇರಿ ಗಾಡಿ 3,000 ಕೆ.ಜಿ. ಇರಲಿ. 60 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 417 ಕಿಲೋಜೂಲ್. ಅದೇ ಗಾಡಿ ಘಟ್ಟದಲ್ಲಿ 100 ಮೀಟರ್ ಎತ್ತರ ಇಳಿದರೆ 2,943 ಕಿಲೋಜೂಲ್. ಅಂದರೆ ಪ್ರತಿ 100 ಮೀಟರ್ ಇಳಿತಕ್ಕೆ 60ರಿಂದ ಏಳು ಸಲ ನಿಲ್ಲಿಸಿದಷ್ಟು. ಮುಂದಿನ ಎರಡು ಡಿಸ್ಕ್ ಸೇರಿ 16 ಕೆ.ಜಿ. ಅಂತ ಇಟ್ಟುಕೊಂಡು, ಎಂಜಿನ್ನೂ ಗಾಳಿಯೂ ಹಿಂದಿನ ಡ್ರಮ್ಮೂ ಏನೂ ಸಹಾಯ ಮಾಡಲಿಲ್ಲ ಅಂದರೆ, 100 ಮೀಟರಿಗೇ ಬಿಸಿ 350 ಡಿಗ್ರಿಗೂ ಮೇಲೆ ಏರಬೇಕು. ನಿಜದಲ್ಲಿ ಗಾಳಿ ಮತ್ತು ಎಂಜಿನ್ ಬಹಳಷ್ಟು ತಿನ್ನುತ್ತವೆ. ಹಿಂದಿನ ಡ್ರಮ್ ತನ್ನ ಪಾಲು ತಿನ್ನದಿದ್ದರೆ ಅದೂ ಮುಂದಿನ ಡಿಸ್ಕಿನ ತಲೆ ಮೇಲೆ. ಎಡಚಕ್ರ ಸರಿಯಾದ ಮೇಲೂ ಎರಡೂ ಡಿಸ್ಕ್ ಕಾಯುತ್ತವೆ, ಬರೆದಿಟ್ಟುಕೊಳ್ಳಿ.

ಎರಡು ಪ್ರಶ್ನೆ: ಹ್ಯಾಂಡ್‌ಬ್ರೇಕ್ ಎಷ್ಟು ಕ್ಲಿಕ್ಕಿಗೆ ಹಿಡಿಯುತ್ತದೆ? ಹಿಂದಿನ ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟ್ ಹಾಕಿಸಿದ್ದೀರಾ?

ಘಟ್ಟದ ಲೋಡು
12 ಕ್ಲಿಕ್. ಹೌದು, ಪಕ್ಕಕ್ಕೆ ಎರಡೆರಡು ಪ್ಲೇಟ್ ಜಾಸ್ತಿ ಇದೆ. ಪೆಡಲ್ ಮೊದಲ ಸಲ ಒತ್ತಿದಾಗ ಕೆಳಗೆ, ತಕ್ಷಣ ಎರಡನೇ ಸಲ ಒತ್ತಿದರೆ ಮೇಲೆ ನಿಲ್ಲುತ್ತದೆ.

ಗ್ಯಾರೇಜ್ ಗಣಿತ
ಎರಡನೇ ಸಲ ಮೇಲೆ ನಿಲ್ಲುವುದೂ 12 ಕ್ಲಿಕ್ಕೂ ಒಂದೇ ಮಾತು ಹೇಳುತ್ತಿವೆ: ಡ್ರಮ್ಮಿನ ಒಳಮೈಗೆ ಒತ್ತಿ ಹಿಡಿಯುವ ಹಿಂದಿನ ಲೈನರ್ ಡ್ರಮ್ಮಿಗೆ ದೂರವಿದೆ. ಡ್ರಮ್ ತೆಗೆದು ಮೊದಲು ವ್ಹೀಲ್ ಸಿಲಿಂಡರ್ ಬೂಟಿನ ಅಂಚು ಎತ್ತಿ ನೋಡಿ, ಒದ್ದೆ ಇದ್ದರೆ ಸಿಲಿಂಡರ್ ಬದಲಿಸಿ. ಲೈನರ್ ಆಕ್ಸಲ್ ಆಯಿಲ್ ಕುಡಿದಿದ್ದರೆ ಆಕ್ಸಲ್ ಸೀಲೂ ಹೋಗಿದೆ. ಆ ಲೈನರ್ ಪೆಟ್ರೋಲಲ್ಲಿ ತೊಳೆದು ಬಿಸಿಲಿಗಿಟ್ಟು ಮತ್ತೆ ಹಾಕುವುದು ಬೇಡ. ಲೈನರನ್ನು ಡ್ರಮ್ಮಿಗೆ ಹತ್ತಿರ ತರುವ ಅಡ್ಜಸ್ಟರ್ ಹಲ್ಲು ಚಕ್ರ ಜಾಮ್ ಆಗಿದ್ದರೆ ಬಿಚ್ಚಿ ತೊಳೆದು, ಬಿಸಿ ತಡೆಯುವ ಗ್ರೀಸ್ ತುಸು ಸವರಿ. ಡ್ರಮ್ ಹಾಕಿ ಬಿಗಿಯಾಗುವವರೆಗೆ ತಿರುಗಿಸಿ, ಆಮೇಲೆ ಚಕ್ರ ಲಘುವಾಗಿ ಸವರುತ್ತಾ ತಿರುಗುವವರೆಗೆ ಹಲ್ಲು ಹಿಂದಕ್ಕೆ. ಈ ಹೊಂದಿಕೆ ಆಗುವವರೆಗೆ ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲವಾಗಿರಲಿ. ಲೈನರ್ ದೂರ ಇಟ್ಟುಕೊಂಡು ಕೇಬಲ್ ಎಳೆದು ಕ್ಲಿಕ್ ಕಡಿಮೆ ಮಾಡುವುದು ಕಣ್ಣಿಗೆ ಮಣ್ಣೆರಚುವ ಕೆಲಸ.

ಪ್ಲೇಟ್ ವಿಷಯ ಇನ್ನೂ ದೊಡ್ಡದು. ಹಿಂದಿನ ಆಕ್ಸಲ್‌ನಿಂದ ಚಾಸಿಸ್‌ಗೆ ಹೋಗುವ ಒಂದು ಸಣ್ಣ ಸರಳು ಮತ್ತು ಹಿತ್ತಾಳೆ ಬಣ್ಣದ ವಾಲ್ವ್ ಕಾಣುತ್ತದಲ್ಲ, ಎಲ್‌ಎಸ್‌ಪಿವಿ, ಲೋಡ್ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವುದು ಅದೇ. ಅದಕ್ಕೆ ತೂಕ ಗೊತ್ತಾಗುವುದಿಲ್ಲ. ಗಾಡಿಯ ಹಿಂಭಾಗ ಎಷ್ಟು ಕುಸಿದಿದೆ ಅನ್ನುವುದಷ್ಟೇ ಗೊತ್ತು. ನೀವು ಎರಡು ಪ್ಲೇಟ್ ಸೇರಿಸಿದಿರಿ, ಪೂರ್ತಿ ಲೋಡಿಗೂ ಗಾಡಿ ಕುಸಿಯುವುದಿಲ್ಲ. ವಾಲ್ವ್ ಗಾಡಿ ಖಾಲಿ ಅಂತ ತಿಳಿದು ಹಿಂದಿನ ಒತ್ತಡ ಕತ್ತರಿಸುತ್ತದೆ. ಒಂದೂಕಾಲು ಟನ್ ಹಿಂದೆ ಕೂತಿದೆ, ನಿಲ್ಲಿಸುವ ಕೆಲಸ ಮುಂದೆ.

ಟೆಂಪೋ ಸ್ಟ್ಯಾಂಡು
ಸುಲಭ ದಾರಿ ಇದೆಯಲ್ಲ ಸಾರ್. ಆ ಸರಳನ್ನು ಬಿಚ್ಚಿ ತಂತಿಯಲ್ಲಿ ಮೇಲಕ್ಕೆ ಎಳೆದು ಕಟ್ಟಿಬಿಡೋದು. ಹಿಂದೆ ಯಾವಾಗಲೂ ಫುಲ್ ಒತ್ತಡ.

ಕರಾವಳಿ ಕ್ಲಚ್ಚು
ಹಾಗೆ ಮಾಡ್ಬೇಡಿ ಮಾರಾಯ್ರೇ! ಲೋಡ್ ಇಳಿಸಿ ಖಾಲಿ ಬರುವಾಗ, ಅದೂ ನಮ್ಮ ಮಳೆಗೆ, ತಿರುವಿನಲ್ಲಿ ಬ್ರೇಕ್ ಒತ್ತಿದ್ರೆ ಹಿಂದಿನ ಚಕ್ರ ಮೊದ್ಲು ಲಾಕ್ ಆಗ್ತದೆ. ಮುಂದಿನದ್ದು ಲಾಕ್ ಆದ್ರೆ ಗಾಡಿ ನೆಟ್ಟಗೆ ಹೋಗ್ತದೆ, ಹಿಂದಿನದ್ದು ಲಾಕ್ ಆದ್ರೆ ಗಾಡಿ ಬುಗುರಿ. ಚಾರ್ಮಾಡಿಯ ತಿರುವಲ್ಲಿ ಬುಗುರಿ ಆಡ್ಲಿಕ್ಕೆ ಜಾಗ ಉಂಟಾ? ಆ ವಾಲ್ವ್ ಇರುವುದೇ ಅದಕ್ಕೆ.

ಗ್ಯಾರೇಜ್ ಗಣಿತ
ಕ್ಲಚ್ಚಿನವರ ಮಾತೇ ಸರಿ. ಎರಡು ಮರ್ಯಾದಸ್ಥ ದಾರಿ ಇವೆ. ಹೆಚ್ಚುವರಿ ಪ್ಲೇಟ್ ತೆಗೆದು ಗಾಡಿಯ ಕಾಗದದಲ್ಲಿ ಬರೆದಷ್ಟೇ ಹೊರಿಸುವುದು ಒಂದು. ಇಲ್ಲವೇ ಪ್ಲೇಟ್ ಇಟ್ಟುಕೊಂಡು, ಕಂಪನಿ ಮ್ಯಾನ್ಯುಯಲ್ ಇರುವ ಕಡೆ ಮುಂದೊಂದು ಹಿಂದೊಂದು ಒತ್ತಡದ ಗೇಜ್ ಹಾಕಿ, ಖಾಲಿಯಲ್ಲೂ ಲೋಡಿನಲ್ಲೂ ಅಳೆದು ಸರಳಿನ ಹೊಂದಿಕೆ ಮಾಡಿಸುವುದು. ಅಂದಾಜಿನಲ್ಲಿ ನಟ್ ತಿರುಗಿಸುವುದು ತಂತಿ ಕಟ್ಟಿದ ಹಾಗೆಯೇ. ನನ್ನ ಮತ ಮೊದಲನೆಯದಕ್ಕೆ. ಅದಕ್ಕೂ ಮುಂಚೆ ಸರಳಿನ ಕೀಲು ಕೆಸರು ತುಂಬಿ ಜಾಮ್ ಆಗಿದೆಯಾ ಅಂತ ಕೈಯಲ್ಲಿ ಅಲ್ಲಾಡಿಸಿ ನೋಡಿ, ಎಷ್ಟೋ ಗಾಡಿಯಲ್ಲಿ ಅಷ್ಟೇ ಇರುತ್ತದೆ.

ಸ್ಪ್ಯಾನರ್ 14
ಪೆಡಲ್ ಇಳಿಯುವ ಮಾತು ಉಳಿದಿತ್ತು. ಘಟ್ಟದಲ್ಲಿ ಬ್ರೇಕ್ ಕೈಕೊಡುವುದು ಎರಡು ರೀತಿ, ಕಾಲಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಆದರೆ ಗಾಡಿ ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಸುಟ್ಟು ಹಿಡಿತ ಬಿಟ್ಟಿದೆ. ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ ಅಂದರೆ ಕ್ಯಾಲಿಪರ್ ಒಳಗೆ ಎಣ್ಣೆ ಕುದಿದು ಆವಿಯಾಗಿದೆ. ನಿಮ್ಮದು ಎರಡನೆಯದು, ಅರ್ಧ ಗಂಟೆ ತಣಿದರೆ ಸರಿಹೋಗುವುದೂ ಅದಕ್ಕೇ.

ಡಾಟ್ 3 ಹೊಸ ಎಣ್ಣೆ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಅದು ಡಬ್ಬಿ ಒಡೆದ ದಿನದ ಲೆಕ್ಕ. ಬ್ರೇಕ್ ಎಣ್ಣೆ ಗಾಳಿಯ ತೇವ ಕುಡಿಯುತ್ತದೆ; 3.7 ಶೇಕಡಾ ನೀರು ಸೇರಿದಾಗಿನ ಕನಿಷ್ಠ ಮಿತಿ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155. ಕಡುಗಂದು ಎಣ್ಣೆ ಅಂದಿರಿ, ಮಲೆನಾಡಿನ ಮಳೆ ಬೇರೆ. ಟ್ಯಾಂಕಿನ ಮುಚ್ಚಳದ ಮೇಲೆ ಏನು ಬರೆದಿದೆಯೋ ನೋಡಿ. ಡಾಟ್ 3 ಅಂತಿದ್ದರೂ ಡಾಟ್ 4 ಹಾಕಬಹುದು, ಡಾಟ್ 5 ಅನ್ನುವ ಸಿಲಿಕಾನ್ ಎಣ್ಣೆ ಮಾತ್ರ ಬೇಡವೇ ಬೇಡ. ಒಂದು ಲೀಟರ್ ಸೀಲ್ ಒಡೆಯದ ಡಬ್ಬಿ ತನ್ನಿ. ಕ್ರಮ: ಹಿಂದೆ ಎಡ, ಹಿಂದೆ ಬಲ, ಎಲ್‌ಎಸ್‌ಪಿವಿಗೆ ನಿಪ್ಪಲ್ ಇದ್ದರೆ ಅದು, ಮುಂದೆ ಎಡ, ಕೊನೆಗೆ ಮುಂದೆ ಬಲ. ಹೊಸ ಬಣ್ಣ ಬರುವವರೆಗೆ ಬಿಡಿ, ಟ್ಯಾಂಕ್ ಖಾಲಿಯಾಗಲು ಬಿಡಬೇಡಿ. ಎರಡು ವರ್ಷಕ್ಕೊಮ್ಮೆ ಇದು ಆಗಲೇಬೇಕು.

ಡಿಸ್ಕ್ ಲೇತ್‌ಗೆ ಹಾಕಿಸಿದಿರಿ ಅಂದಿರಲ್ಲ, ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಕೊರೆದಿರುತ್ತದೆ. ಮೈಕ್ರೋಮೀಟರಿನಲ್ಲಿ ಅಳೆಯಿರಿ. ತೆಳು ಡಿಸ್ಕ್ ಬೇಗ ಕಾಯುತ್ತದೆ, ಕಬ್ಬಿಣವೇ ಕಡಿಮೆಯಾಗಿದೆಯಲ್ಲ. ಮಿತಿಗಿಂತ ಕೆಳಗಿದ್ದರೆ ಜೋಡಿ ಬದಲಿಸಿ.

ಟೆಂಪೋ ಸ್ಟ್ಯಾಂಡು
ಘಟ್ಟದ ಬುಡದಲ್ಲಿ ನಿಲ್ಲಿಸಿ ಚಕ್ರಕ್ಕೆ ನೀರು ಹೊಡೆದರೆ ಬೇಗ ತಣಿಯುತ್ತಲ್ವಾ? ಎಲ್ಲರೂ ಮಾಡ್ತಾರೆ.

ಹುಬ್ಬಳ್ಳಿ ಜ್ಯಾಕ್
ಕಾದ ಹಂಚಿಗೆ ನೀರು ಹೊಡದಂಗ. ಬೀಡು ಕಬ್ಬಿಣ ಒಂದ ಕಡೆ ತಟ್ಟನೆ ಕುಗ್ಗಿ ಸೊಟ್ಟಾಗ್ತದ, ಕೂದಲ ಬಿರುಕು ಬಿಡ್ತದ. ಆಮ್ಯಾಲೆ ಪೆಡಲ್ ನಡಗತೈತಿ ಅಂತ ಮತ್ತ ಲೇತ್. ಕಾದಾಗ ಬ್ರೇಕ್ ಒತ್ತಿ ಹಿಡದು ನಿಲ್ಲಬ್ಯಾಡ್ರಿ, ಹ್ಯಾಂಡ್‌ಬ್ರೇಕ್ ಭೀ ಬ್ಯಾಡ. ಗೇರಿನಾಗ ಬಿಟ್ಟು ಕಲ್ಲು ಕೊಡ್ರಿ. ಇನ್ನೂ ಛಲೋ ಅಂದ್ರ ಬುಡದಾಗ ನಿಲ್ಲಬ್ಯಾಡ್ರಿ, ಸಪಾಟ ರಸ್ತೆದಾಗ ಎರಡು ಕಿ.ಮೀ. ಬ್ರೇಕ್ ಮುಟ್ಟದ ಓಡಸ್ರಿ, ಗಾಳಿನ ತಣಸ್ತದ.

ಕರಾವಳಿ ಕ್ಲಚ್ಚು
ಇಳಿಯುವಾಗ ಗೇರ್ ಯಾವುದು ಅಂತ ಕೇಳಲೇ ಇಲ್ಲ ಯಾರೂ. ಹತ್ತುವಾಗ ಯಾವ ಗೇರಲ್ಲಿ ಹತ್ತಿದ್ರೋ ಅದೇ ಗೇರಲ್ಲಿ ಇಳಿಯುವುದು. ಲೋಡಿಗೆ ಎರಡನೇ ಗೇರ್. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇಳಿಯುವುದಲ್ಲ. ವೇಗ ಏರಿದಾಗ ಗಟ್ಟಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಡುವುದು, ಡಿಸ್ಕಿಗೆ ಉಸಿರಾಡ್ಲಿಕ್ಕೆ ಪುರುಸೊತ್ತು ಕೊಡುವುದು. ಡೀಸೆಲ್ ಉಳಿಸ್ಲಿಕ್ಕೆ ನ್ಯೂಟ್ರಲ್ ಹಾಕಿ ಎಂಜಿನ್ ಆಫ್ ಮಾಡುವವರಿದ್ದಾರೆ. ಎಂಜಿನ್ ನಿಂತ್ರೆ ವ್ಯಾಕ್ಯೂಮ್ ಪಂಪ್ ನಿಲ್ತದೆ, ಬೂಸ್ಟರಿನಲ್ಲಿ ಉಳಿದದ್ದು ಎರಡು ಮೂರು ಸಲ ಒತ್ತುವುದಕ್ಕೆ ಮಾತ್ರ. ಆಮೇಲೆ ಪೆಡಲ್ ಕಲ್ಲು.

ಘಟ್ಟದ ಲೋಡು
ಮೂರನೇ ಗೇರಲ್ಲಿ ಇಳಿಸ್ತಿದ್ದದ್ದು. ತಿದ್ದಿಕೊಂಡೆ.

ಇಷ್ಟು ಆಯ್ತು: ಎರಡೂ ಪಕ್ಕಕ್ಕೆ ಪಿನ್-ಬೂಟ್ ಕಿಟ್, ಬ್ರ್ಯಾಕೆಟ್ ಸ್ವಚ್ಛ, ಹೊಸ ಪ್ಯಾಡ್. ಎಡ ಪಿಸ್ಟನ್ ಸಲೀಸಾಗಿ ಒಳಗೆ ಹೋಯ್ತು, ಹಾಗಾಗಿ ಕ್ಯಾಲಿಪರ್ ಹಳೇದೇ. ಡಿಸ್ಕ್ ದಪ್ಪ ಮಿತಿಯೊಳಗಿದೆ. ಹಿಂದೆ ಬಲಗಡೆ ವ್ಹೀಲ್ ಸಿಲಿಂಡರ್ ಒದ್ದೆ ಇತ್ತು, ಎರಡೂ ಬದಲಾಯ್ತು. ಅಡ್ಜಸ್ಟರ್ ಎರಡೂ ಜಾಮ್ ಆಗಿದ್ದವು. ಹ್ಯಾಂಡ್‌ಬ್ರೇಕ್ ಈಗ 6 ಕ್ಲಿಕ್. ಹೆಚ್ಚುವರಿ ಪ್ಲೇಟ್ ತೆಗೆಸಿದೆ, ಸರಳಿನ ಕೀಲು ಬಿಡಿಸಿದೆ. ಡಾಟ್ 4 ಒಂದು ಲೀಟರ್ ಹೋಯ್ತು.

ಖಾಲಿ ಗಾಡಿ, ಮೊದಲ ಓಟ: ಎಡ 46, ಬಲ 45, ಹಿಂದೆ 37. ಎರಡನೇ ಓಟ: ಎಡ 171, ಬಲ 166, ಹಿಂದೆ 78 ಮತ್ತು 74.

ಸ್ಪ್ಯಾನರ್ 14
5 ಡಿಗ್ರಿ ವ್ಯತ್ಯಾಸ ಲೆಕ್ಕಕ್ಕಿಲ್ಲ. ಹೊಸ ಪ್ಯಾಡ್ ಕೂರಿಸಿದ್ದೀರಾ? ಘಟ್ಟಕ್ಕೆ ಹೋಗುವ ಮುಂಚೆ 50ರಿಂದ 10ಕ್ಕೆ ಎಂಟು ಹತ್ತು ಸಲ, ನಡುವೆ ಅರ್ಧ ನಿಮಿಷ ಬಿಟ್ಟು, ಪೂರ್ತಿ ನಿಲ್ಲಿಸದೆ. ಮುಗಿದ ಮೇಲೆ ತಣಿಯುವವರೆಗೆ ಓಡಿಸಿ. ಮೊದಲ ಲೋಡ್ ಅರ್ಧ ಇರಲಿ. 500 ಕಿ.ಮೀ. ಆದ ಮೇಲೆ ಪಿನ್ ಬೋಲ್ಟ್ ಬಿಗಿ ಮತ್ತು ಎಣ್ಣೆ ಮಟ್ಟ ಒಮ್ಮೆ ನೋಡಿ. ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಮೇಲಿಂದ ಸುರಿದು ಸುಮ್ಮನಾಗಬೇಡಿ, ಹೊಸ ವ್ಹೀಲ್ ಸಿಲಿಂಡರ್ ಪೈಪ್ ನಟ್ ಸುತ್ತ ಒಣ ಬಟ್ಟೆ ಒತ್ತಿ ನೋಡಿ.

ಘಟ್ಟದ ಲೋಡು
ಅರ್ಧ ಲೋಡ್, ಎರಡನೇ ಗೇರ್, ಚಾರ್ಮಾಡಿ ಇಳಿದು ಅಳೆದದ್ದು: ಎಡ 214, ಬಲ 209, ಹಿಂದೆ 118 ಮತ್ತು 112. ಪೆಡಲ್ ಮೇಲೇ ನಿಂತಿತ್ತು, ವಾಸನೆ ಇಲ್ಲ. ಬಲಗಡೆಯ ಹಳೇ ಪಿನ್ ಒರೆಸಿ ನೋಡಿದೆ, ತುಕ್ಕಿರಲಿಲ್ಲ, ಆದರೆ ಗ್ರೀಸ್ ಒಣಗಿ ಕರಿ ಅಂಟಾಗಿತ್ತು.

ಹುಬ್ಬಳ್ಳಿ ಜ್ಯಾಕ್
ಹಂಗಾರ ಮುಂದಿನ ಮಳಿಗಾಲಕ್ಕ ಬಲಗಡೆ ಸರದಿ ಇತ್ತು. ಹೋಸ್ ಪೈಪ್ ಮಾತ್ರ ಇನ್ನೂ ಹಳೇದ ಐತಿ, ಮರೀಬ್ಯಾಡ್ರಿ.